ಸೂಜಿ ಚುಚ್ಚಿದ ಮರುದಿನ: ಮಧುಮೇಹ ಇರುವವರ ಕೈ ಸೋಂಕು

ಮಧುಮೇಹ ಇರುವವರು ಕಾಲಿನ ಬಗ್ಗೆ ಎಷ್ಟು ಉಪದೇಶ ಕೇಳಿರುತ್ತೀರಿ ಎಂದು ನನಗೆ ಗೊತ್ತು. ಬರಿಗಾಲಲ್ಲಿ ಓಡಾಡಬೇಡಿ, ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಚಪ್ಪಲಿ ಹಾಕಿಕೊಳ್ಳುವ ಮೊದಲು ಒಮ್ಮೆ ಕೊಡವಿ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ಆದರೆ ನಿಮ್ಮ ಕೈಯನ್ನು ಮೇಜಿನ ಮೇಲೆ ಇಡಿಸಿಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಚಿ, ಬಿಡಿಸಿ, ಉಗುರಿನ ಸುತ್ತ ನೋಡಿದ ವೈದ್ಯರು ಎಷ್ಟು ಜನ ಇದ್ದಾರೆ? ಅಂಥವರು ಸಿಕ್ಕಿದ್ದರೆ ಕೈ ಎತ್ತಿ ಎಂದರೆ ಈ ಸಭೆಯಲ್ಲಿ ಏಳುತ್ತಿರುವ ಕೈಗಳು ತೀರಾ ಕಡಿಮೆ. ನಾನು ಇವತ್ತು ಮಾತಾಡಲು ಒಪ್ಪಿಕೊಂಡದ್ದೇ ಈ ಕಾರಣಕ್ಕೆ.

ಕೈ ಶಸ್ತ್ರಚಿಕಿತ್ಸೆ ನನ್ನ ಕೆಲಸ. ಮಧುಮೇಹ ಇರುವವರ ಕೈಗೆ ಸೋಂಕು ತಗಲುವುದು ಕಾಲಿಗೆ ತಗಲುವಷ್ಟು ಸಾಮಾನ್ಯವಲ್ಲ, ನಿಜ. ಆದರೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಅಂದಾಜಿನಂತೆ 2024ರಲ್ಲಿ ಜಗತ್ತಿನ 58.9 ಕೋಟಿ ವಯಸ್ಕರಿಗೆ ಮಧುಮೇಹ ಇತ್ತು. ಅಷ್ಟು ಜನರಲ್ಲಿ ಅಪರೂಪಕ್ಕೆ ಬರುವ ತೊಂದರೆಯೂ ದೊಡ್ಡ ಸಂಖ್ಯೆಯ ಕೈಗಳನ್ನು ಹಾಳು ಮಾಡುತ್ತದೆ. ಇನ್ನೊಂದು ವಿಷಯ, ಕಾಲು ಕಳೆದುಕೊಂಡವರಿಗೆ ಕೃತಕ ಕಾಲು ಬಹುಮಟ್ಟಿಗೆ ನಡೆಯಲು ನೆರವಾಗುತ್ತದೆ. ಕೈಯ ಸ್ಪರ್ಶವನ್ನು, ಗುಂಡಿ ಹಾಕುವ, ಎಳೆ ಹಿಡಿಯುವ ನಯವನ್ನು ಮರಳಿ ಕೊಡುವ ಉಪಕರಣ ಇನ್ನೂ ನಮ್ಮಲ್ಲಿಲ್ಲ.

ಒಂದು ಪ್ರಕರಣ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ, ನಡೆದ ಕ್ರಮ ಮಾತ್ರ ನಾವು ಮತ್ತೆ ಮತ್ತೆ ನೋಡುವಂಥದ್ದೇ. ಐವತ್ತರ ಆಸುಪಾಸಿನ ಮಹಿಳೆ, ಹೊಲಿಗೆಯೇ ಜೀವನ, ಮಧುಮೇಹ ಬಂದು ಹತ್ತು ವರ್ಷದ ಮೇಲಾಗಿದೆ. ಒಂದು ಮಧ್ಯಾಹ್ನ ಬಲಗೈಯ ನಡುಬೆರಳಿಗೆ, ಅಂಗೈ ಕಡೆಯ ಮಡಿಕೆಯ ಹತ್ತಿರ ಸೂಜಿ ಚುಚ್ಚಿತು. ಒಂದು ಹನಿ ರಕ್ತ ಬಂತು, ಒರೆಸಿಕೊಂಡು ಕೆಲಸ ಮುಂದುವರಿಸಿದರು. ಹೊಲಿಯುವವರಿಗೆ ಸೂಜಿ ಚುಚ್ಚುವುದು ಸುದ್ದಿಯೇ ಅಲ್ಲ. ಮರುದಿನ ಬೆರಳು ಸ್ವಲ್ಪ ಕೆಂಪಾಗಿತ್ತು. ಮೂರನೆಯ ದಿನ ಬೆರಳು ಊದಿಕೊಂಡು ಉಂಗುರ ಸಡಿಲವಾಗದೆ ಸಿಕ್ಕಿಕೊಂಡಿತು. ನೋವು ಇತ್ತೇ ಎಂದು ಕೇಳಿದರೆ, ಇತ್ತು, ಆದರೆ ತಡೆಯಲಾರದಷ್ಟಲ್ಲ ಎಂದರು. ಮನೆಯಲ್ಲಿ ಹಿಂದೆ ಯಾವಾಗಲೋ ಗಂಟಲು ನೋವಿಗೆ ತಂದು ಉಳಿದಿದ್ದ ಆ್ಯಂಟಿಬಯೋಟಿಕ್ ಮಾತ್ರೆ ಇತ್ತು, ಎರಡು ದಿನ ಅದನ್ನು ನುಂಗಿದರು. ಐದನೆಯ ದಿನ ಅಂಗೈಯ ಹಿಂಬದಿ ಬಾತುಕೊಂಡಿತು. ಆರನೆಯ ದಿನ ತಲೆ ಸುತ್ತು, ವಾಂತಿ. ಆಸ್ಪತ್ರೆಗೆ ಬಂದಾಗ ರಕ್ತದ ಸಕ್ಕರೆ 400 ದಾಟಿತ್ತು. ಜ್ವರ ಇರಲಿಲ್ಲ.

ಈ ಕೊನೆಯ ಮಾತನ್ನು ದಯವಿಟ್ಟು ಗಮನಿಸಿ. ಜ್ವರ ಇರಲಿಲ್ಲ. ಮಧುಮೇಹ ಹಳೆಯದಾದವರಲ್ಲಿ ಬೆರಳಿನ ತುಂಬ ಕೀವು ಇದ್ದರೂ ಜ್ವರ ಬರದೇ ಇರಬಹುದು. ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣಗಳ ಎಣಿಕೆ ಏರದೇ ಇರಬಹುದು. ನೋವು ಅರ್ಧದಷ್ಟೇ ಗೊತ್ತಾಗಬಹುದು. ಸೋಂಕು ಬಂದಿದೆ ಎಂದು ದೇಹ ಹೇಳುವ ಮೂರೂ ಸುದ್ದಿಗಳು ಇವರ ವಿಷಯದಲ್ಲಿ ತಡವಾಗಿ ಬರುತ್ತವೆ ಇಲ್ಲವೇ ಬರುವುದೇ ಇಲ್ಲ. ಆ ಮಹಿಳೆ ಅಸಡ್ಡೆ ಮಾಡಿದವರಲ್ಲ. ನೋವು ಹೆಚ್ಚಾದರೆ ಹೋಗೋಣ ಎಂದು ಕಾದರು. ಎಲ್ಲರೂ ಮಾಡುವುದು ಅದನ್ನೇ. ಆ ಅಳತೆಗೋಲೇ ಅವರಿಗೆ ಕೈಕೊಟ್ಟಿತು.

ಯಾಕೆ ಹೀಗಾಗುತ್ತದೆ? ಸಕ್ಕರೆ ಹೆಚ್ಚಿದ್ದರೆ ರೋಗಾಣುಗಳಿಗೆ ಊಟ ಸಿಕ್ಕಂತೆ, ಅದಕ್ಕೇ ಸೋಂಕು ಬೆಳೆಯುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಮುಖ್ಯ ಕಾರಣ ಅದಲ್ಲ. ಗಾಯವಾದಾಗ ಮೊದಲು ಓಡಿಬರುವುದು ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣ. ಅದು ರಕ್ತನಾಳದ ಗೋಡೆ ದಾಟಿ ಗಾಯದ ಜಾಗಕ್ಕೆ ಬರಬೇಕು, ರೋಗಾಣುವನ್ನು ಹಿಡಿದು ನುಂಗಬೇಕು, ನುಂಗಿದ ಮೇಲೆ ಒಳಗೆ ಅದನ್ನು ಕೊಲ್ಲಬೇಕು. ರಕ್ತದ ಸಕ್ಕರೆ ಏರಿದಾಗ ಈ ಮೂರು ಕೆಲಸಗಳೂ ಮಂದವಾಗುತ್ತವೆ. ಕಣಗಳ ಸಂಖ್ಯೆ ಕಡಿಮೆಯಾಗಿರುವುದಿಲ್ಲ, ಇದ್ದವು ಸರಿಯಾಗಿ ದುಡಿಯುವುದಿಲ್ಲ. ಒಳ್ಳೆಯ ಸುದ್ದಿ ಏನೆಂದರೆ, ಸಕ್ಕರೆ ಇಳಿದರೆ ಈ ಮಂಕು ಬಹುಪಾಲು ಬಿಡುತ್ತದೆ, ಅದಕ್ಕೆ ತಿಂಗಳುಗಟ್ಟಲೆ ಕಾಯಬೇಕಿಲ್ಲ. ಅದಕ್ಕೇ ಕೈಯಲ್ಲಿ ಕೀವು ಇರುವ ರೋಗಿ ಬಂದಾಗ ಇನ್ಸುಲಿನ್ ಕೂಡ ಆ್ಯಂಟಿಬಯೋಟಿಕ್‌ನಷ್ಟೇ ತುರ್ತಿನ ಔಷಧ.

ಇದು ಎರಡೂ ದಿಕ್ಕಿನಲ್ಲಿ ನಡೆಯುವ ವ್ಯವಹಾರ ಎಂಬುದನ್ನೂ ಹೇಳಬೇಕು. ಸೋಂಕು ಬಂದಾಗ ದೇಹದಲ್ಲಿ ಕಾರ್ಟಿಸಾಲ್, ಅಡ್ರಿನಲಿನ್ ಮುಂತಾದ ಹಾರ್ಮೋನುಗಳು ಏರುತ್ತವೆ, ಅವು ಸಕ್ಕರೆಯನ್ನು ಮೇಲೆತ್ತುತ್ತವೆ. ಏರಿದ ಸಕ್ಕರೆ ಸೋಂಕನ್ನು ಬೆಳೆಯಲು ಬಿಡುತ್ತದೆ. ಊಟದಲ್ಲಿ, ಮಾತ್ರೆಯಲ್ಲಿ ಏನೂ ಬದಲಾಗದೆ ಸಕ್ಕರೆ ಏಕಾಏಕಿ ಏರಿದರೆ ಮೈಯಲ್ಲಿ ಎಲ್ಲೋ ಸೋಂಕು ಕೂತಿದೆಯೇ ಎಂದು ಹುಡುಕಬೇಕು. ಹುಡುಕುವಾಗ ಕೈಯನ್ನೂ ನೋಡಿ. ಕೈ ಸೋಂಕಿನಿಂದಲೇ ತಮಗೆ ಮಧುಮೇಹ ಇದೆ ಎಂದು ಮೊದಲ ಬಾರಿ ತಿಳಿದುಕೊಳ್ಳುವವರೂ ಇದ್ದಾರೆ.

ಇನ್ನು ನರಗಳ ವಿಷಯ. ಮಧುಮೇಹದ ನರಹಾನಿ ಸಾಮಾನ್ಯವಾಗಿ ಪಾದದಲ್ಲಿ ಶುರುವಾಗುತ್ತದೆ, ಕಾಲಿನ ಉದ್ದಕ್ಕೂ ಮೇಲೇರಿ ಸುಮಾರು ಮೊಣಕಾಲಿನ ಮಟ್ಟಕ್ಕೆ ಬರುವ ಹೊತ್ತಿಗೆ ಬೆರಳ ತುದಿಗಳಲ್ಲೂ ಕಾಣಿಸಿಕೊಳ್ಳುತ್ತದೆ. ಅದರ ಜೊತೆಗೆ ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ಸಮಸ್ಯೆ ಮಧುಮೇಹ ಇರುವವರಲ್ಲಿ ಇತರರಿಗಿಂತ ಹೆಚ್ಚು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಂತಿದ್ದರೆ ಬಿಸಿ ಪಾತ್ರೆ ಮುಟ್ಟಿದ್ದು ಗೊತ್ತಾಗುವಷ್ಟರಲ್ಲಿ ಚರ್ಮ ಸುಟ್ಟಿರುತ್ತದೆ. ಬೆವರುವಿಕೆಯನ್ನು ನಿಯಂತ್ರಿಸುವ ನರಗಳೂ ಕೆಡುವುದರಿಂದ ಚರ್ಮ ಒಣಗಿ, ಬೆರಳ ಮಡಿಕೆಗಳಲ್ಲಿ ಸಣ್ಣ ಸಣ್ಣ ಬಿರುಕು ಬಿಡುತ್ತದೆ. ರೋಗಾಣುಗಳಿಗೆ ಅಷ್ಟು ದಾರಿ ಸಾಕು. ಸೂಕ್ಷ್ಮ ರಕ್ತನಾಳಗಳೂ ಕೆಟ್ಟಿರುತ್ತವೆ, ಆದ್ದರಿಂದ ನುಂಗಿದ ಔಷಧ ಬೆರಳ ತುದಿಗೆ ಸರಿಯಾಗಿ ತಲುಪುವುದಿಲ್ಲ.

ಈಗ ಒಂದು ಸಣ್ಣ ಪರೀಕ್ಷೆ, ಎಲ್ಲರೂ ಮಾಡಿ. ನಮಸ್ಕರಿಸುವ ಹಾಗೆ ಎರಡೂ ಅಂಗೈಗಳನ್ನು ಜೋಡಿಸಿ ಒತ್ತಿ. ಬೆರಳುಗಳು ಬುಡದಿಂದ ತುದಿಯವರೆಗೆ ಪರಸ್ಪರ ತಾಗುತ್ತಿವೆಯೇ? ಅಥವಾ ನಡುವೆ ಬೆಳಕು ಕಾಣುತ್ತಿದೆಯೇ? ಬಹುಕಾಲದ ಮಧುಮೇಹದಲ್ಲಿ ಚರ್ಮ ಮತ್ತು ಕೀಲುಗಳ ಸುತ್ತಲಿನ ಅಂಗಾಂಶ ದಪ್ಪವಾಗಿ ಬೆರಳುಗಳು ಪೂರ್ತಿ ಚಾಚಿಕೊಳ್ಳುವುದಿಲ್ಲ, ಆಗ ಅಂಗೈಗಳ ನಡುವೆ ಸಂದು ಉಳಿಯುತ್ತದೆ. ಇದು ಸೋಂಕಲ್ಲ, ಹೆದರಬೇಡಿ. ಆದರೆ ಸಂದು ಕಂಡವರು ಮುಂದಿನ ಸಲ ವೈದ್ಯರ ಬಳಿ ಹೋದಾಗ ಹೇಳಿ. ಈಗಾಗಲೇ ಬಿಗಿಯಾಗಿರುವ ಕೈಗೆ ಸೋಂಕು ಬಂದರೆ ಚಲನೆ ಮರಳಿ ಪಡೆಯುವುದು ಇನ್ನೂ ಕಷ್ಟ.

ಕೈಯ ಒಳರಚನೆ ಅರ್ಥವಾದರೆ ಒಂದು ಸೂಜಿ ಮೊನೆ ಇಷ್ಟೆಲ್ಲ ಹೇಗೆ ಮಾಡಿತು ಎಂಬುದು ತಾನಾಗಿ ತಿಳಿಯುತ್ತದೆ. ಬೆರಳು ಮಡಚುವ ಸ್ನಾಯು ಇರುವುದು ಮುಂಗೈಯಲ್ಲಿ. ಅಲ್ಲಿಂದ ಸ್ನಾಯುರಜ್ಜು ಎಂಬ ಬಿಳಿ ಹುರಿ ಬೆರಳಿನ ತುದಿಯವರೆಗೆ ಬರುತ್ತದೆ. ಬೆರಳಿನೊಳಗೆ ಅದಕ್ಕೆ ಒಂದು ಕವಚ ಇದೆ, ಸೈಕಲ್ಲಿನ ಬ್ರೇಕ್ ತಂತಿ ಕೊಳವೆಯೊಳಗೆ ಜಾರುವ ಹಾಗೆ ಹುರಿ ಆ ಕವಚದೊಳಗೆ ಜಾರುತ್ತದೆ. ಕವಚದೊಳಗೆ ಜಾರಲು ಬೇಕಾದಷ್ಟೇ, ತೀರಾ ಸ್ವಲ್ಪ ದ್ರವ. ಬೆರಳ ಮಡಿಕೆಗಳ ಬಳಿ ಈ ಕವಚ ಚರ್ಮಕ್ಕೆ ಬಹಳ ಹತ್ತಿರ. ಅಲ್ಲಿ ಚುಚ್ಚಿದ ಮುಳ್ಳು, ಸೂಜಿ, ಪ್ರಾಣಿಯ ಹಲ್ಲು ನೇರವಾಗಿ ಕವಚದೊಳಕ್ಕೆ ರೋಗಾಣು ಇಳಿಸಬಲ್ಲದು. ಒಳಗೆ ಕೀವು ತುಂಬಿದರೆ ಹಿಗ್ಗಲು ಜಾಗ ಇಲ್ಲ. ಒತ್ತಡ ಏರುತ್ತದೆ, ಹುರಿಗೆ ರಕ್ತ ಒದಗಿಸುವ ಎಳೆಯಂಥ ನಾಳಗಳು ಮುಚ್ಚಿಹೋಗುತ್ತವೆ, ಹುರಿ ಸಾಯುತ್ತದೆ. ಇದಕ್ಕೆ ವಾರಗಳು ಬೇಕಿಲ್ಲ, ಒಂದೆರಡು ದಿನ ಸಾಕು.

ತೋರುಬೆರಳು, ನಡುಬೆರಳು, ಉಂಗುರ ಬೆರಳುಗಳ ಕವಚ ಸಾಮಾನ್ಯವಾಗಿ ಅಂಗೈಯ ಹತ್ತಿರ ಮುಗಿಯುತ್ತದೆ. ಕಿರುಬೆರಳು ಮತ್ತು ಹೆಬ್ಬೆರಳಿನ ಕವಚಗಳು ಮಾತ್ರ ಮಣಿಕಟ್ಟಿನವರೆಗೂ ಹೋಗುತ್ತವೆ, ಅಲ್ಲಿ ಅನೇಕರಲ್ಲಿ ಒಂದಕ್ಕೊಂದು ಸಂಪರ್ಕವೂ ಇರುತ್ತದೆ. ಕಿರುಬೆರಳಿಗೆ ಚುಚ್ಚಿದ ಮುಳ್ಳಿನಿಂದ ಹೆಬ್ಬೆರಳಿನಲ್ಲಿ ಕೀವು ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ.

ಇದನ್ನೆಲ್ಲ ನಮಗೆ ಸ್ಪಷ್ಟವಾಗಿ ತೋರಿಸಿಕೊಟ್ಟವರಲ್ಲಿ ಷಿಕಾಗೋದ ಶಸ್ತ್ರಚಿಕಿತ್ಸಕ ಅಲೆನ್ ಕನಾವೆಲ್ ಮುಖ್ಯರು. ಸ್ವಲ್ಪ ಪಕ್ಕಕ್ಕೆ ಹೋಗಿ ಅವರ ಬಗ್ಗೆ ಹೇಳಲೇಬೇಕು, ಏಕೆಂದರೆ ಅವರ ಬಗ್ಗೆ ನನಗಿರುವ ಗೌರವ ದೊಡ್ಡದು. ಕೈ ಸೋಂಕಿನ ಮೇಲಿನ ಅವರ ಗ್ರಂಥ ಬಂದದ್ದು 1912ರಲ್ಲಿ. ಇನ್ಸುಲಿನ್ ಮೊದಲ ಬಾರಿ ರೋಗಿಗೆ ಸಿಕ್ಕಿದ್ದು 1922ರಲ್ಲಿ, ಪೆನಿಸಿಲಿನ್ ಪತ್ತೆಯಾದದ್ದು 1928ರಲ್ಲಿ. ಎರಡೂ ಇಲ್ಲದ ಕಾಲದಲ್ಲಿ ಅವರು ಶವಗಳ ಕೈಯೊಳಗೆ ದ್ರವ್ಯ ತುಂಬಿಸಿ, ಅದು ಯಾವ ಯಾವ ದಾರಿ ಹಿಡಿದು ಹರಡುತ್ತದೆ ಎಂದು ನೋಡಿ, ಕೀವಿನ ದಾರಿಗಳನ್ನು ಗುರುತಿಸಿದರು. ಅವರ ಹೆಸರಿನ ಲಕ್ಷಣಗಳನ್ನು ಇಂದಿಗೂ ನಾವು ಹಾಸಿಗೆಯ ಪಕ್ಕ ನಿಂತು ಬಳಸುತ್ತೇವೆ. ಸ್ಕ್ಯಾನ್ ಬೇಡ, ಯಂತ್ರ ಬೇಡ. ಊದಿದ ಬೆರಳು ಅರ್ಧ ಮಡಚಿದಂತೆ ನಿಂತಿದೆಯೇ? ಊತ ಒಂದು ಕಡೆ ಗಂಟಾಗಿರದೆ ಇಡೀ ಬೆರಳಿಗೆ ಒಂದೇ ಸಮ ಇದೆಯೇ? ಬೆರಳಿನ ಅಂಗೈ ಕಡೆಯ ಉದ್ದಕ್ಕೂ ಒತ್ತಿದರೆ ನೋವೇ? ಬೇರೆಯವರು ಆ ಬೆರಳನ್ನು ಮೆಲ್ಲಗೆ ನೇರ ಮಾಡಲು ಹೋದರೆ ಜೀವ ಹೋದಂತಾಗುತ್ತದೆಯೇ? ಕೊನೆಯದು ಸಾಮಾನ್ಯವಾಗಿ ಎಲ್ಲಕ್ಕಿಂತ ಮೊದಲು ಕಾಣಿಸುತ್ತದೆ. ಇವುಗಳಲ್ಲಿ ಯಾವುದಾದರೂ ಇದ್ದರೆ ಅದು ಅದೇ ದಿನ ನೋಡಬೇಕಾದ ಕೈ. ನರಹಾನಿ ಇರುವವರಲ್ಲಿ ನೋವಿನ ಎರಡು ಲಕ್ಷಣ ಮಸುಕಾಗಿರಬಹುದು, ಆಗ ಕಣ್ಣಿಗೆ ಕಾಣುವ ಊತ ಮತ್ತು ಬೆರಳು ನಿಂತ ರೀತಿಯನ್ನೇ ನಂಬಬೇಕು.

ಆ ಮಹಿಳೆಯ ಅಂಗೈಯ ಹಿಂಬದಿ ಬಾತಿತ್ತು ಎಂದೆನಲ್ಲ, ಅದೂ ಒಂದು ಮೋಸ. ಅಂಗೈ ಚರ್ಮ ಗಟ್ಟಿ, ಕೆಳಗಿನ ಪದರಕ್ಕೆ ಬಿಗಿದುಕೊಂಡಿರುತ್ತದೆ, ಊದಲು ಬಿಡುವುದಿಲ್ಲ. ಕೈಯ ಹಿಂಬದಿಯ ಚರ್ಮ ಸಡಿಲ. ಆದ್ದರಿಂದ ಕೀವು ಅಂಗೈಯೊಳಗೆ ಇದ್ದರೂ ಊತ ಕಾಣುವುದು ಹಿಂಬದಿಯಲ್ಲಿ. ಅಲ್ಲೇ ಕುಯ್ದರೆ ಕೀವು ಸಿಗುವುದಿಲ್ಲ. ಅಂಗೈಯ ನಡುವಿನ ಸಹಜ ಗುಳಿ ಮಾಯವಾಗಿ ಚಪ್ಪಟೆಯಾಗಿದೆಯೇ ಎಂದು ಇನ್ನೊಂದು ಕೈಯ ಜೊತೆ ಹೋಲಿಸಿ ನೋಡಿ. ಎರಡೂ ಕೈಗಳನ್ನು ಅಕ್ಕಪಕ್ಕ ಇಟ್ಟು ನೋಡುವುದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಬೇರೆ ಇಲ್ಲ.

ಸೋಂಕು ಶುರುವಾಗುವ ಜಾಗಗಳೆಲ್ಲ ನಿಮಗೆ ಗೊತ್ತಿರುವವೇ. ಉಗುರುಸುತ್ತು, ಬೆರಳ ತುದಿಯ ಗದ್ದುಗೆಯಲ್ಲಿ (ಮೆತ್ತನೆಯ ಭಾಗದಲ್ಲಿ) ಕೀವು, ಸುಟ್ಟ ಗಾಯ, ಸಿಬಿರು, ಕೀಟ ಕಚ್ಚಿದ್ದನ್ನು ಕೆರೆದದ್ದು. ಉಗುರು ಕಚ್ಚುವ ಅಭ್ಯಾಸ, ಉಗುರಿನ ಬುಡದ ಚರ್ಮವನ್ನು ಕತ್ತರಿಸಿ ಅಂದ ಮಾಡುವುದು, ಎರಡೂ ಉಗುರುಸುತ್ತಿಗೆ ಹೆದ್ದಾರಿ. ಬೆಕ್ಕು ಕಚ್ಚಿದ್ದನ್ನು ಮಾತ್ರ ಪ್ರತ್ಯೇಕವಾಗಿ ಹೇಳುತ್ತೇನೆ. ನಾಯಿ ಕಚ್ಚಿದರೆ ಚರ್ಮ ಹರಿದು ರಕ್ತ ಸುರಿಯುತ್ತದೆ, ಎಲ್ಲರೂ ಆಸ್ಪತ್ರೆಗೆ ಓಡುತ್ತಾರೆ. ಬೆಕ್ಕಿನ ಹಲ್ಲು ಸೂಜಿಯಂತೆ ಸಣ್ಣ, ಚೂಪು. ಹೊರಗೆ ಎರಡು ಚುಕ್ಕೆ ಕಾಣುತ್ತದೆ, ಒಳಗೆ ಕವಚದವರೆಗೆ ಹೋಗಿರುತ್ತದೆ, ಪಾಶ್ಚುರೆಲ್ಲಾ ಎಂಬ ರೋಗಾಣು ಒಂದೇ ದಿನದಲ್ಲಿ ಬೆರಳನ್ನು ಊದಿಸಬಲ್ಲದು. ಯಾವ ಪ್ರಾಣಿ ಕಚ್ಚಿದರೂ ಮೊದಲು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ರೇಬೀಸ್ ಲಸಿಕೆಯ ಬಗ್ಗೆ ಅದೇ ದಿನ ಕೇಳಬೇಕು ಎಂಬುದು ಬೇರೆ ಮಾತು, ಅದನ್ನೂ ಮರೆಯಬೇಡಿ.

ಬೆರಳ ತುದಿಯ ಪ್ರತಿಯೊಂದು ಬೊಬ್ಬೆಯೂ ಕೀವಲ್ಲ. ಹರ್ಪಿಸ್ ವೈರಾಣುವಿನಿಂದ ಬರುವ ಗುಳ್ಳೆಗಳು ಉಗುರುಸುತ್ತಿನಂತೆಯೇ ಕಾಣುತ್ತವೆ. ಅದನ್ನು ಕುಯ್ಯಬಾರದು, ಕುಯ್ದರೆ ಬ್ಯಾಕ್ಟೀರಿಯಾ ಸೋಂಕೂ ಸೇರಿಕೊಳ್ಳುತ್ತದೆ. ಮನೆಯಲ್ಲೇ ಬ್ಲೇಡಿನಿಂದ ಬಿಡಿಸಿಕೊಳ್ಳುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಒಂದೇ ರೀತಿಯ ಗಾಯ, ಒಬ್ಬರಿಗೆ ವಾರದಲ್ಲಿ ವಾಸಿ, ಇನ್ನೊಬ್ಬರು ಬೆರಳು ಕಳೆದುಕೊಳ್ಳುತ್ತಾರೆ. ವ್ಯತ್ಯಾಸ ಎಲ್ಲಿದೆ? ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಪಟ್ಟಿ ಕೊಡುವ ಬದಲು ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಎಲ್ಲಕ್ಕಿಂತ ಮುಖ್ಯ, ಮತ್ತು ನಮ್ಮ ಕೈಯಲ್ಲಿರುವುದು, ತಡ. ಗಾಯಕ್ಕೂ ಮೊದಲ ತಪಾಸಣೆಗೂ ನಡುವಿನ ಸಮಯ. ಆಫ್ರಿಕಾದ ಅನುಭವ ಇದನ್ನೇ ಹೇಳುತ್ತದೆ. ನೈಜೀರಿಯಾದ ವೈದ್ಯರು 1984ರಲ್ಲಿ ಮಧುಮೇಹಿಗಳ ಕೈ ಕೊಳೆಯುವ ಪ್ರಕರಣಗಳನ್ನು ವರದಿ ಮಾಡಿದರು. ಆಮೇಲೆ ತಾಂಜಾನಿಯಾದ ದಾರ್ ಎಸ್ ಸಲಾಮ್‌ನಲ್ಲಿ 1998ರಿಂದ 2002ರವರೆಗೆ ಇಂಥ ರೋಗಿಗಳನ್ನು ಒಟ್ಟಾಗಿ ಅಧ್ಯಯನ ಮಾಡಿದರು. ಇದಕ್ಕೆ ಉಷ್ಣವಲಯದ ಮಧುಮೇಹಿ ಕೈ ಎಂಬ ಹೆಸರೇ ಬಂತು. ಶುರುವಾದದ್ದು ಯಾವುದರಿಂದ? ಗೀರು, ಕೀಟದ ಕಡಿತ, ಇಂಥ ಅಲ್ಪ ಗಾಯಗಳಿಂದ. ಮುಗಿದದ್ದು ಕೆಲವರಲ್ಲಿ ಕೈ ಕತ್ತರಿಸುವುದರಲ್ಲಿ, ಕೆಲವರಲ್ಲಿ ಸಾವಿನಲ್ಲಿ. ನಡುವೆ ಇದ್ದದ್ದು ಹತೋಟಿ ತಪ್ಪಿದ ಸಕ್ಕರೆ ಮತ್ತು ಆಸ್ಪತ್ರೆಗೆ ಬರಲು ಆದ ತಡ. ಉಷ್ಣವಲಯ ಎಂಬ ಹೆಸರು ಇದ್ದರೂ ಇದು ಬಿಸಿಲಿನ ದೇಶಗಳಿಗೆ ಮೀಸಲಾದ ರೋಗವಲ್ಲ. ಅಮೆರಿಕದ ಶಸ್ತ್ರಚಿಕಿತ್ಸಕರು 1970ರ ದಶಕದಲ್ಲೇ ಮಧುಮೇಹಿಗಳ ಕೈ ಸೋಂಕು ಎಷ್ಟು ಕೆಟ್ಟದ್ದೆಂದು ಬರೆದಿದ್ದರು.

ತಡದ ನಂತರ ನಾನು ಕೇಳುವುದು ಮೂತ್ರಪಿಂಡದ ಬಗ್ಗೆ. ಮಧುಮೇಹದ ಜೊತೆ ಮೂತ್ರಪಿಂಡ ವೈಫಲ್ಯ ಇರುವವರ ಕೈ ಸೋಂಕು ಬೇರೆಯದೇ ಜಾತಿ. ಡಯಾಲಿಸಿಸ್‌ನಲ್ಲಿರುವವರು, ಮೂತ್ರಪಿಂಡ ಕಸಿಯಾಗಿ ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ತೆಗೆದುಕೊಳ್ಳುವವರು, ಇವರಲ್ಲಿ ಬೆರಳು ಕಳೆದುಕೊಳ್ಳುವ ಅಪಾಯ ಬಹಳ ಹೆಚ್ಚು. ಡಯಾಲಿಸಿಸ್‌ಗಾಗಿ ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಜೋಡಿಸಿರುತ್ತಾರೆ. ಕೆಲವರಲ್ಲಿ ಆ ಜೋಡಣೆ ಬೆರಳಿಗೆ ಹೋಗಬೇಕಾದ ರಕ್ತವನ್ನು ಅಲ್ಲೇ ತಿರುಗಿಸಿಬಿಡುತ್ತದೆ. ಡಯಾಲಿಸಿಸ್ ನಡೆಯುವಾಗ ಆ ಕೈಯ ಬೆರಳುಗಳು ತಣ್ಣಗಾಗಿ ಬಿಳಿಚಿಕೊಳ್ಳುತ್ತವೆ, ನೋಯುತ್ತವೆ. ಆ ಬೆರಳ ತುದಿಯಲ್ಲಿ ಆದ ಗಾಯ ಆ್ಯಂಟಿಬಯೋಟಿಕ್ ಒಂದರಿಂದಲೇ ಮಾಯುವುದಿಲ್ಲ, ಮೊದಲು ರಕ್ತದ ಹರಿವು ಸರಿಯಾಗಬೇಕು. ಮನೆಯಲ್ಲಿ ಡಯಾಲಿಸಿಸ್ ರೋಗಿ ಇದ್ದರೆ ಅವರ ಎರಡೂ ಕೈ ಮುಟ್ಟಿ ನೋಡಿ, ಒಂದು ಕೈ ತಣ್ಣಗಿದೆಯೇ ಎಂದು. ಅದಕ್ಕೆ ಒಂದು ನಿಮಿಷ ಸಾಕು.

ರೋಗಾಣುಗಳ ವಿಷಯದಲ್ಲೂ ಬೇರೆತನ ಇದೆ. ಮಧುಮೇಹ ಇಲ್ಲದವರ ಕೈ ಸೋಂಕಿನಲ್ಲಿ ಹೆಚ್ಚಾಗಿ ಸಿಗುವುದು ಸ್ಟ್ಯಾಫಿಲೊಕಾಕಸ್, ಸ್ಟ್ರೆಪ್ಟೊಕಾಕಸ್. ಮಧುಮೇಹಿಗಳಲ್ಲಿ ಅವು ಇದ್ದೇ ಇರುತ್ತವೆ, ಜೊತೆಗೆ ಕ್ಲೆಬ್ಸಿಯೆಲ್ಲಾ, ಸ್ಯೂಡೊಮೊನಾಸ್‌ನಂಥ ಬೇರೆ ಗುಂಪಿನವು, ಗಾಳಿಯಿಲ್ಲದೆ ಬೆಳೆಯುವಂಥವು, ಕೆಲವೊಮ್ಮೆ ಶಿಲೀಂಧ್ರ ಕೂಡ ಸೇರಿ ಒಟ್ಟಿಗೆ ಬೆಳೆಯುವುದು ಹೆಚ್ಚು. ಆದ್ದರಿಂದ ಪಕ್ಕದ ಮನೆಯವರಿಗೆ ವಾಸಿ ಮಾಡಿದ ಮಾತ್ರೆ ನಿಮಗೆ ವಾಸಿ ಮಾಡಬೇಕೆಂದಿಲ್ಲ. ಅರ್ಧಂಬರ್ಧ ಮಾತ್ರೆಯಿಂದ ಇನ್ನೊಂದು ಕೇಡೂ ಇದೆ. ಆಮೇಲೆ ಕೀವನ್ನು ಪರೀಕ್ಷೆಗೆ ಕಳಿಸಿದರೆ ಏನೂ ಬೆಳೆಯುವುದಿಲ್ಲ, ಯಾವ ಔಷಧ ಕೊಡಬೇಕೆಂದು ತಿಳಿಯದೆ ನಾವು ಕತ್ತಲಲ್ಲಿ ತಡಕಾಡಬೇಕಾಗುತ್ತದೆ.

ಎಚ್‌ಬಿಎ1ಸಿ ಎಂಬ ಮೂರು ತಿಂಗಳ ಸಕ್ಕರೆಯ ಸರಾಸರಿ ಎಷ್ಟು ಹೆಚ್ಚಿದೆಯೋ, ಸೋಂಕು ಆಳಕ್ಕೆ ಇಳಿಯುವ, ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವ ಸಾಧ್ಯತೆ ಅಷ್ಟು ಹೆಚ್ಚು. ಧೂಮಪಾನ ಬೆರಳಿನ ರಕ್ತನಾಳಗಳನ್ನು ಇನ್ನಷ್ಟು ಕುಗ್ಗಿಸುತ್ತದೆ. ಇವು ನಿಮಗೆ ಗೊತ್ತಿರುವ ಮಾತುಗಳು. ಆದರೂ ಒಂದು ಅಧ್ಯಯನ ನೆನಪಿಸುತ್ತೇನೆ. ಅಮೆರಿಕ ಮತ್ತು ಕೆನಡಾದಲ್ಲಿ 1983ರಿಂದ 1993ರವರೆಗೆ ಒಂದನೆಯ ಬಗೆಯ ಮಧುಮೇಹ ಇದ್ದ 1,441 ಜನರ ಮೇಲೆ ನಡೆದ ಅಧ್ಯಯನದಲ್ಲಿ ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟಾಗ ನರಹಾನಿ ಸುಮಾರು ಶೇ. 60ರಷ್ಟು ಕಡಿಮೆಯಾಯಿತು. ನರ ಉಳಿದರೆ ನೋವು ಉಳಿಯುತ್ತದೆ. ನೋವು ಉಳಿದರೆ ನೀವು ಆರನೆಯ ದಿನದ ಬದಲು ಎರಡನೆಯ ದಿನ ನಮ್ಮ ಮುಂದೆ ಕೂತಿರುತ್ತೀರಿ.

ಗಂಟೆಗಳಲ್ಲಿ ಲೆಕ್ಕ ಹಾಕಬೇಕಾದ ಒಂದು ಸೋಂಕು ಇದೆ, ಅದನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಚರ್ಮದ ಕೆಳಗಿನ ಪದರವನ್ನೇ ಕೊಲ್ಲುತ್ತಾ ಹರಡುವ ಸೋಂಕು ಅದು. ಕೆಂಪು ಗಡಿ ನೋಡನೋಡುತ್ತಲೇ ತೋಳಿನತ್ತ ಏರುತ್ತದೆ, ಚರ್ಮ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಗುಳ್ಳೆ ಏಳುತ್ತದೆ, ಒತ್ತಿದರೆ ಒಳಗೆ ಚರಚರ ಎನ್ನಬಹುದು, ರೋಗಿ ಮಂಕಾಗುತ್ತಾರೆ. ಪೆನ್ನಿನಿಂದ ಕೆಂಪಿನ ಅಂಚಿಗೆ ಗೆರೆ ಎಳೆದು ಗಂಟೆ ಬರೆದುಕೊಳ್ಳಿ. ಆದರೆ ಗೆರೆ ದಾಟುವುದನ್ನು ನೋಡಲೆಂದು ಮನೆಯಲ್ಲಿ ಕೂರಬೇಡಿ, ಗೆರೆ ಎಳೆದವರೇ ಹೊರಡಿ. ಅದು ಜೀವಕ್ಕೇ ಅಪಾಯ.

ಆಸ್ಪತ್ರೆಯಲ್ಲಿ ಏನಾಗುತ್ತದೆ ಎಂಬ ಭಯದಿಂದ ತಡ ಮಾಡುವವರೂ ಇದ್ದಾರೆ, ಹಾಗಾಗಿ ಹೇಳುತ್ತೇನೆ. ಎಕ್ಸ್‌ರೇ ತೆಗೆಯುತ್ತೇವೆ, ಒಳಗೆ ಮುರಿದ ಸೂಜಿ ಇದೆಯೇ, ಮೂಳೆಗೆ ಹಬ್ಬಿದೆಯೇ, ಅನಿಲ ತುಂಬಿದೆಯೇ ಎಂದು ನೋಡಲು. ಸಕ್ಕರೆಯನ್ನು ಇನ್ಸುಲಿನ್‌ನಿಂದ 180ರ ಒಳಗೆ ತರಲು ನೋಡುತ್ತೇವೆ, ಆದರೆ ಸಕ್ಕರೆ ಪೂರ್ತಿ ಇಳಿಯಲಿ, ಆಮೇಲೆ ಕೀವು ತೆಗೆಯೋಣ ಎಂದು ಕಾಯುವುದಿಲ್ಲ. ಕೀವು ಹೊರಗೆ ಹೋಗದೆ ಸಕ್ಕರೆ ಇಳಿಯುವುದೇ ಇಲ್ಲ. ಇದು ಬಂಧುಗಳಿಗೆ ಅರ್ಥ ಮಾಡಿಸಲು ಕಷ್ಟವಾಗುವ ಮಾತು. 350 ಇರುವಾಗ ಶಸ್ತ್ರಚಿಕಿತ್ಸೆ ಹೇಗೆ ಮಾಡುತ್ತೀರಿ ಎಂದು ಗಾಬರಿಯಿಂದ ಕೇಳುತ್ತಾರೆ. ಬೇರೆ ಶಸ್ತ್ರಚಿಕಿತ್ಸೆಗಳಿಗೆ ಅವರ ಮಾತು ಸರಿ. ಕೀವಿಗೆ ಸರಿಯಲ್ಲ.

ಆ ಹೊಲಿಗೆಯ ಮಹಿಳೆಯ ಬೆರಳನ್ನು ಬಿಡಿಸಿದಾಗ ಕವಚದಿಂದ ತೆಳು, ಬೂದು ಬಣ್ಣದ ದ್ರವ ಹರಿಯಿತು. ಆರೋಗ್ಯವಾದ ಸ್ನಾಯುರಜ್ಜು ಮುತ್ತಿನ ಬಿಳುಪಿನಲ್ಲಿ ಹೊಳೆಯುತ್ತದೆ. ಇವರದ್ದು ಹೊಳಪಿಲ್ಲದೆ ಎಳೆ ಎಳೆಯಾಗಿ ಬಿಟ್ಟುಕೊಂಡಿತ್ತು. ತೊಳೆದು, ಸತ್ತದ್ದನ್ನು ತೆಗೆದು, ಗಾಯವನ್ನು ತೆರೆದಿಟ್ಟು ಎರಡು ದಿನ ಬಿಟ್ಟು ಮತ್ತೆ ನೋಡಿದೆವು. ಮಧುಮೇಹಿಗಳಲ್ಲಿ ಒಂದೇ ಸಲಕ್ಕೆ ಮುಗಿಯುವುದು ಅಪರೂಪ, ಇನ್ನೊಮ್ಮೆ ಬೇಕು ಎಂದರೆ ಮೊದಲ ಸಲ ಏನೋ ಕೆಟ್ಟಿತು ಎಂದು ತಿಳಿಯಬೇಡಿ. ಬೆರಳು ಉಳಿಯಿತು, ಹುರಿ ಉಳಿಯಲಿಲ್ಲ. ನೇರವಾಗಿ ನಿಂತ, ಮಡಚಲಾಗದ ಬೆರಳು. ಕೆಲವು ತಿಂಗಳ ನಂತರ ಬಂದು ಅವರೇ ಕೇಳಿದರು, ಬಟ್ಟೆ ಮಡಚುವಾಗಲೆಲ್ಲ ಇದು ಸಿಕ್ಕಿಕೊಳ್ಳುತ್ತದೆ, ತೆಗೆದುಬಿಡಬಹುದೇ ಎಂದು.

ಅವರ ಪ್ರಶ್ನೆ ತಪ್ಪಲ್ಲ. ಬೆರಳು ಉಳಿಸುವುದೇ ಯಾವಾಗಲೂ ಗೆಲುವು ಎಂದು ನಾನು ನಂಬುವುದಿಲ್ಲ. ಮಡಚಲಾಗದ, ಸ್ಪರ್ಶವಿಲ್ಲದ ಒಂದು ಬೆರಳಿನಿಂದ ಉಳಿದ ನಾಲ್ಕರ ಕೆಲಸವೂ ಕೆಡಬಹುದು. ಸತ್ತ ಬೆರಳನ್ನು ತೆಗೆಯಲು ಒಪ್ಪದೆ ದಿನ ದೂಡಿ ಅಂಗೈ ಕಳೆದುಕೊಂಡವರಿದ್ದಾರೆ. ಹೆಬ್ಬೆರಳು ಮಾತ್ರ ಬೇರೆ ಲೆಕ್ಕ. ಕೈಯ ಕೆಲಸದ ಸುಮಾರು ಶೇ. 40 ಅದರದ್ದೇ ಎನ್ನುತ್ತಾರೆ, ಹಾಗಾಗಿ ಅದರ ಒಂದು ತುಂಡನ್ನೂ ಉಳಿಸಲು ನಾವು ಬಹಳ ದೂರ ಹೋಗುತ್ತೇವೆ. ಇಂಥ ನಿರ್ಧಾರಗಳಲ್ಲಿ ರೋಗಿಯ ಕೆಲಸ ಏನು, ಯಾವ ಕೈ ಬಲವಾದದ್ದು ಎಂಬುದನ್ನು ಕೇಳದೆ ಮುಂದುವರಿಯುವ ವೈದ್ಯರಿಗೆ ನೀವೇ ಅದನ್ನು ಹೇಳಿ. ಹೇಳುವ ಹಕ್ಕು ನಿಮ್ಮದು.

ಸೋಂಕು ವಾಸಿಯಾದ ಮೇಲೆ ಉಳಿಯುವ ದೊಡ್ಡ ತೊಂದರೆ ಬಿಗಿತ. ಕೈಯನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಿ ಇಡುವುದು, ಪಟ್ಟಿಯನ್ನು ಸರಿಯಾದ ಭಂಗಿಯಲ್ಲಿ ಕಟ್ಟುವುದು, ಸೋಂಕು ಹತೋಟಿಗೆ ಬಂದ ಕೂಡಲೇ ಬೆರಳು ಆಡಿಸಲು ಶುರು ಮಾಡುವುದು, ಇವು ಶಸ್ತ್ರಚಿಕಿತ್ಸೆಯಷ್ಟೇ ಮುಖ್ಯ. ಗಾಯ ಮಾಯಲಿ, ಆಮೇಲೆ ಆಡಿಸುತ್ತೇನೆ ಎಂದವರ ಕೈ ಬಿಗಿದುಕೊಂಡು ಮತ್ತೆ ಬಿಡುವುದಿಲ್ಲ. ಫಿಸಿಯೊಥೆರಪಿ ನೋಯುತ್ತದೆ, ಬೇಸರ ತರಿಸುತ್ತದೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅದನ್ನು ಅರ್ಧಕ್ಕೆ ಬಿಟ್ಟವರನ್ನು ನೋಡಿದಾಗ ನನಗೆ ಆಗುವಷ್ಟು ಸಂಕಟ ಬೆರಳು ತೆಗೆಯುವಾಗಲೂ ಆಗುವುದಿಲ್ಲ.

ಹಾಗಾದರೆ ಗಾಯವಾದ ಕೂಡಲೇ ಏನು ಮಾಡಬೇಕು? ಹರಿಯುವ ನೀರು, ಸೋಪು, ಒಣ ಶುಭ್ರ ಬಟ್ಟೆ. ಉಂಗುರವನ್ನು ಊತ ಬರುವ ಮೊದಲೇ ತೆಗೆಯಿರಿ. ಟೆಟನಸ್ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ನೆನಪಿಸಿಕೊಳ್ಳಿ. ಸಕ್ಕರೆ ನೋಡಿಕೊಳ್ಳಿ, ಅಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ. ಬಿಸಿನೀರಿನಲ್ಲಿ ಕೈ ಅದ್ದಬೇಡಿ, ಸ್ಪರ್ಶ ಕಡಿಮೆ ಇರುವ ಕೈಗೆ ನೀರು ಎಷ್ಟು ಬಿಸಿ ಎಂಬುದೇ ತಿಳಿಯದೆ ಗಾಯದ ಮೇಲೆ ಸುಟ್ಟ ಗಾಯವೂ ಸೇರುತ್ತದೆ. ಮರುದಿನ ಬೆಳಕಿನಲ್ಲಿ ಎರಡೂ ಕೈ ಅಕ್ಕಪಕ್ಕ ಇಟ್ಟು ನೋಡಿ. ಊತ, ಕೆಂಪು, ಬೆರಳು ಮಡಚಿದಂತೆ ನಿಂತಿರುವುದು, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಹೊರಡಿ, ನೋವು ಇಲ್ಲದಿದ್ದರೂ.

ಸಭೆಯಿಂದ ಒಬ್ಬರು ಕೇಳಿದ್ದಾರೆ: ದಿನವೂ ಸಕ್ಕರೆ ನೋಡಲು ಬೆರಳು ಚುಚ್ಚಿಕೊಳ್ಳುತ್ತೇವಲ್ಲ, ಅದರಿಂದಲೇ ಸೋಂಕು ಬರುವುದಿಲ್ಲವೇ? ಬರಬಹುದು, ಆದರೆ ವಿರಳ. ಅದರ ಭಯಕ್ಕೆ ಪರೀಕ್ಷೆ ಬಿಟ್ಟರೆ ನಷ್ಟ ದೊಡ್ಡದು. ಕೈ ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಹಣ್ಣು ಮುಟ್ಟಿದ ಬೆರಳಿನಲ್ಲಿ ಪರೀಕ್ಷಿಸಿದರೆ ಸಕ್ಕರೆ ಸುಳ್ಳಾಗಿ ಹೆಚ್ಚು ತೋರಿಸುತ್ತದೆ, ತೊಳೆಯಲು ಅದೂ ಒಂದು ಕಾರಣ. ಬೆರಳಿನ ಗದ್ದುಗೆಯ ನಡುವೆ ಚುಚ್ಚದೆ ತುದಿಯ ಪಕ್ಕದಲ್ಲಿ ಚುಚ್ಚಿ, ನೋವೂ ಕಡಿಮೆ. ಪ್ರತಿ ಸಲ ಹೊಸ ಸೂಜಿ, ಪ್ರತಿ ಸಲ ಬೇರೆ ಬೆರಳು, ಊದಿದ ಅಥವಾ ಗಾಯವಾದ ಬೆರಳನ್ನು ಬಿಟ್ಟು. ಒಬ್ಬರ ಸೂಜಿಯನ್ನಾಗಲಿ ಚುಚ್ಚುವ ಪೆನ್ನನ್ನಾಗಲಿ ಮನೆಯವರೇ ಆದರೂ ಇನ್ನೊಬ್ಬರು ಬಳಸಬಾರದು. ಡಯಾಲಿಸಿಸ್‌ಗೆ ಜೋಡಣೆ ಮಾಡಿರುವ ಕೈಯಿದ್ದರೆ ಆ ಕೈಯ ಬೆರಳು ಬಿಟ್ಟು ಇನ್ನೊಂದರಲ್ಲಿ ಚುಚ್ಚಿಕೊಳ್ಳಿ.